‘ಹೆಂಗಸರ ಜೀವ ಗಟ್ಟಿ’ ಎಂಬ ಸಬೂಬು

ಮದುವೆ, ತಿಥಿ ಎಂದು ನಾಲ್ಕು ಜನ ಬಂಧುಗಳು ಸೇರಿದಲ್ಲೆಲ್ಲ ಒಂದು ಮಾತು ಬರುತ್ತದೆ: “ಹೆಂಗಸರ ಜೀವ ಗಟ್ಟಿ ಕಣ್ರೀ, ಗಂಡಸರೇ ಮೊದಲು ಹೊರಟುಬಿಡುತ್ತಾರೆ.” ಮಾತು ಸುಳ್ಳಲ್ಲ. ಆದರೆ ಅದನ್ನೇ ಮುಂದಿಟ್ಟುಕೊಂಡು, ನಡುಮನೆಯ ಮೂಲೆಯಲ್ಲಿ ನರಳುತ್ತಿರುವ ಅಜ್ಜಿಯನ್ನು ವೈದ್ಯರಲ್ಲಿಗೆ ಕರೆದೊಯ್ಯದೆ ಇರುವ ನಮ್ಮ ಪರಿಪಾಠವನ್ನು ನಾನು ಖಂಡಿಸುತ್ತೇನೆ.

ಮೊದಲು ಲೆಕ್ಕ ನೋಡೋಣ. 2016–20ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಪುರುಷರ ನಿರೀಕ್ಷಿತ ಆಯುಷ್ಯ 68.6 ವರ್ಷ, ಸ್ತ್ರೀಯರದು 71.4. ಜಪಾನಿನಲ್ಲಿ 2025ರ ಸೆಪ್ಟೆಂಬರಿನಲ್ಲಿ ನೂರು ತುಂಬಿದವರು 99,763 ಮಂದಿ. ಅವರಲ್ಲಿ ಶೇಕಡ 88ರಷ್ಟು ಸ್ತ್ರೀಯರು. ತರಗತಿಯಲ್ಲಿ ಓದಿದ ಎರಡು ಎಕ್ಸ್ ವರ್ಣತಂತುಗಳು ನಿಮಗೆ ನೆನಪಿರಬಹುದು. ಅವುಗಳ ಪಾತ್ರವೂ ಇದೆ, ಈಸ್ಟ್ರೋಜೆನ್ನಿನದೂ ಇದೆ, ಗಂಡಸರ ಬೀಡಿ-ಸಿಗರೇಟು, ಕುಡಿತಗಳದೂ ಇದೆ.

ಆದರೆ ಇದನ್ನು ಕೇವಲ ಪ್ರಕೃತಿಯ ವರ ಎನ್ನುವವರು 1970–75ರ ಅದೇ ಸಮೀಕ್ಷೆಯನ್ನು ನೋಡಬೇಕು. ಆಗ ಭಾರತದ ಪುರುಷನ ಆಯುಷ್ಯ 50.5, ಸ್ತ್ರೀಯದು 49.0! ಆಗಲೂ ವರ್ಣತಂತು ಎರಡೇ ಇದ್ದುವಲ್ಲ? ಹೆರಿಗೆ, ರಕ್ತಹೀನತೆ, ಹೆಣ್ಣುಮಗುವಿನ ಬಗೆಗಿನ ಅಸಡ್ಡೆ, ಇವು ಪ್ರಕೃತಿಯ ಕೊಡುಗೆಯನ್ನು ನುಂಗಿಹಾಕಿದ್ದುವು. ಇಂದು ಎಂಬತ್ತು-ತೊಂಬತ್ತರಲ್ಲಿರುವ ನಮ್ಮ ಮುದುಕಿಯರು ಆ ಜರಡಿಯಲ್ಲಿ ಉಳಿದು ಬಂದವರು.

ಉಳಿದರು, ಸರಿ. ಹೇಗೆ ಬದುಕುತ್ತಿದ್ದಾರೆ? ಗಂಡಸರನ್ನು ಹೆಚ್ಚಾಗಿ ಹಿಡಿಯುವುದು ಹೃದಯಾಘಾತದಂತಹ ಕೊಲ್ಲುವ ರೋಗಗಳು. ಹೆಂಗಸರನ್ನು ಹಿಡಿಯುವುದು ಕೊಲ್ಲದೆ ಕಾಡುವ ರೋಗಗಳು: ಮೊಣಕಾಲಿನ ಸವೆತ, ಟೊಳ್ಳಾದ ಮೂಳೆ, ತಡೆಯಲಾಗದ ಮೂತ್ರ, ಯಾರಿಗೂ ಹೇಳಿಕೊಳ್ಳದ ಖಿನ್ನತೆ. ತೊಂಬತ್ತು ಮುಟ್ಟುವ ಗಂಡಸರು ಕಡಿಮೆ, ಆದರೆ ಮುಟ್ಟಿದವರು ಸಾಮಾನ್ಯವಾಗಿ ಅದೇ ವಯಸ್ಸಿನ ಹೆಂಗಸರಿಗಿಂತ ಚೆನ್ನಾಗಿ ಓಡಾಡಿಕೊಂಡಿರುತ್ತಾರೆ. ದುರ್ಬಲರು ಮೊದಲೇ ಹೋಗಿರುತ್ತಾರೆ. ಹೆಂಗಸರಿಗೆ ಸಿಕ್ಕ ಹೆಚ್ಚಿನ ವರ್ಷಗಳಲ್ಲಿ ಬಹುಪಾಲು ಇನ್ನೊಬ್ಬರ ಕೈ ಹಿಡಿದು ಬಚ್ಚಲಿಗೆ ಹೋಗುವ ವರ್ಷಗಳು. ಆ ಕೈ ಯಾರದು? ಗಂಡ ವಯಸ್ಸಿನಲ್ಲಿ ಹಿರಿಯ. ಅವನ ಕೊನೆಗಾಲದ ಆರೈಕೆಯನ್ನು ಅವಳೇ ಮಾಡಿರುತ್ತಾಳೆ. ಅವಳ ಸರದಿ ಬಂದಾಗ ಅವನಿಲ್ಲ. ಅರವತ್ತು ದಾಟಿದ ನಮ್ಮ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿ ವಿಧವೆಯರು.

ಸರ್ಕಾರವೂ ಈ ವ್ಯತ್ಯಾಸವನ್ನು ಕಾಣಲೊಲ್ಲದು. ಎಪ್ಪತ್ತು ದಾಟಿದವರೆಲ್ಲರನ್ನೂ 2024ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಗೆ ಸೇರಿಸಿದ್ದು ಒಳ್ಳೆಯ ಕೆಲಸವೇ. ಆದರೆ ಅದರ ಐದು ಲಕ್ಷ ರೂಪಾಯಿ ಆಸ್ಪತ್ರೆಗೆ ದಾಖಲಾದವರಿಗೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ಮೂತ್ರದ ಭಯಕ್ಕೆ ನೀರು ಕುಡಿಯುವುದನ್ನೇ ಬಿಟ್ಟು ಮನೆಯಲ್ಲಿ ಕುಳಿತವಳು ದಾಖಲಾಗುವುದೆಂದು? ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದ ದಿನ. ಎಂಬತ್ತು ದಾಟಿದ ಬಡವರ ಮಾಸಾಶನದಲ್ಲಿ ಕೇಂದ್ರದ ಪಾಲು ಐನೂರು ರೂಪಾಯಿ. 2011ರಲ್ಲಿ ನಿಗದಿಯಾದ ಮೊತ್ತವದು.

“ಅಮ್ಮನೇ ಬೇಡ ಅಂತಾರೆ ಸಾರ್” ಎಂದು ನಿಮ್ಮಲ್ಲಿ ಕೆಲವರು ಹೇಳುವಿರಿ. ಎಲ್ಲರೂ ಉಂಡ ಮೇಲೆ ತಳ ಹತ್ತಿದ್ದನ್ನು ಬಡಿಸಿಕೊಂಡವಳು ತನಗಾಗಿ ಏನನ್ನು ತಾನೆ ಕೇಳಿಯಾಳು? ಅಪ್ಪನಿಗೆ ಎದೆ ಹಿಡಿದಾಗ ಅವರ ಒಪ್ಪಿಗೆಯನ್ನು ಕೇಳಿದ್ದಿರೇನು? ನನ್ನ ಶಿಷ್ಯರಲ್ಲಿ ಅನೇಕರ ತಾಯಂದಿರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಮೂಳೆಯ ಸಾಂದ್ರತೆಯ ಪರೀಕ್ಷೆ ಮಾಡಿಸಿ. ಬಚ್ಚಲ ಗೋಡೆಗೆ ಹಿಡಿಕೆಯೊಂದನ್ನು ಹಾಕಿಸಿ. ಒಂದು ಮೊಬೈಲಿನ ಬೆಲೆಯೂ ಆಗದು. ಮೂತ್ರದ ತೊಂದರೆಯನ್ನು ಮಗಳೋ ಸೊಸೆಯೋ ಬಾಯಿಬಿಟ್ಟು ವಿಚಾರಿಸಲಿ. ಮಗನೂ ವಿಚಾರಿಸಬಹುದು, ಅದರಲ್ಲಿ ನಾಚಿಕೆಯೇನೂ ಇಲ್ಲ.