ನಕ್ಷೆಯ ಮರೆಯ ನಿಷೇಧ

ವೈದ್ಯಕೀಯ ಗಾಂಜಾ ಬಳಸುವ ರೋಗಿಗಳ ಸಂಘವೊಂದು ವಾಹನ ದಟ್ಟಣೆ, ಮಾಲಿನ್ಯ ಅಂತ ಕೋರ್ಟ್ ಮೆಟ್ಟಿಲೇರಿದರೆ, ಇವರಿಗೆ ಪರಿಸರದ ಮೇಲೆ ಯಾವಾಗ ಪ್ರೀತಿ ಹುಟ್ಟಿತು ಎಂದು ಕೇಳಬೇಕೆನಿಸುವುದು ಸಹಜ. ಆದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಪ್ರಕರಣದಲ್ಲಿ ಮೊದಲು ಪ್ರಶ್ನಿಸಬೇಕಾದದ್ದು ನಗರಾಡಳಿತವನ್ನು.

2014ರಲ್ಲಿ ಅದು ತಂದ ವಲಯ ನಿಯಮ ನೋಡಿ. ನಗರದ 9 ವಾರ್ಡುಗಳಿಗೆ ತಲಾ 4, ಅಂದರೆ ಹೆಚ್ಚೆಂದರೆ 36 ವೈದ್ಯಕೀಯ ಗಾಂಜಾ ಮಳಿಗೆ. ಶಾಲೆ, ಚರ್ಚ್, ಪಾರ್ಕ್, ಗ್ರಂಥಾಲಯ, ಶಿಶುವಿಹಾರ, ಕಡೆಗೆ ಇನ್ನೊಂದು ಗಾಂಜಾ ಮಳಿಗೆಯಿಂದಲೂ 1,000 ಅಡಿ ದೂರವಿರಬೇಕು. ವಸತಿ ವಲಯದಿಂದ 100 ಅಡಿ. ಕೈವಾರ ಹಿಡಿದು ಇಷ್ಟೂ ವೃತ್ತಗಳನ್ನು ಎಳೆಯುತ್ತ ಹೋದರೆ ಮಳಿಗೆಗೆಂದು ಉಳಿಯುವುದು ಅಲ್ಲೊಂದು ಇಲ್ಲೊಂದು ತುಂಡು ಜಾಗ. ಹತ್ತಿರ ಮಳಿಗೆಯಿಲ್ಲದ ರೋಗಿ ಕಾರು ಹತ್ತಿ ಊರಿನ ಇನ್ನೊಂದು ತುದಿಗೆ ಹೋಗಬೇಕು, ಇಲ್ಲವೇ ಮನೆಯೊಳಗೇ ಗಿಡ ಬೆಳೆಸಿಕೊಳ್ಳಬೇಕು. ಇದರ ಪರಿಣಾಮವನ್ನು ಮೊದಲೇ ಪರಿಶೀಲಿಸಿ ಎಂಬುದಷ್ಟೇ ‘ಯೂನಿಯನ್ ಆಫ್ ಮೆಡಿಕಲ್ ಮರಿವಾನಾ ಪೇಷಂಟ್ಸ್’ ಸಂಘದ ವಾದ.

ನಗರಾಡಳಿತದ ಉತ್ತರ ಜಾಣತನದ್ದು: 1970ರ ರಾಜ್ಯ ಪರಿಸರ ಕಾಯ್ದೆಯ ಪ್ರಕಾರ ಈ ನಿಯಮ ‘ಯೋಜನೆ’ಯೇ ಅಲ್ಲ, ಪರಿಶೀಲನೆಯ ಮಾತೇ ಬರುವುದಿಲ್ಲ. ಕೆಳಗಿನ ಎರಡೂ ನ್ಯಾಯಾಲಯಗಳು ಇದಕ್ಕೆ ತಲೆಯಾಡಿಸಿದವು. 2019ರ ಆಗಸ್ಟ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ತೀರ್ಪನ್ನು ತಳ್ಳಿಹಾಕಿತು. ವಲಯ ನಿಯಮದ ಪ್ರತಿಯೊಂದು ತಿದ್ದುಪಡಿಯೂ ತಾನಾಗಿ ‘ಯೋಜನೆ’ ಆಗುತ್ತದೆಂಬ ಸಂಘದ ದೊಡ್ಡ ವಾದವನ್ನೇನೂ ಅದು ಒಪ್ಪಲಿಲ್ಲ. ಆದರೆ ಈ ನಿಯಮ ಹೊಸ ಬಗೆಯ ವ್ಯಾಪಾರಕ್ಕೆ ದಾರಿ ಮಾಡುತ್ತದೆ, ಹಾಗಾಗಿ ಮೊದಲ ಹಂತದಲ್ಲೇ ಕಡತ ಮುಚ್ಚುವಂತಿಲ್ಲ ಎಂದಿತು.

ಈ ಕಾಯ್ದೆಯ ದುರುಪಯೋಗದ ಬಗ್ಗೆ ಟೀಕಾಕಾರರು ಹೇಳುವುದು ಸುಳ್ಳಲ್ಲ. ಮನೆ ಕಟ್ಟಲು ಬಂದವರನ್ನು ನೆರೆಹೊರೆಯವರು ಇದೇ ಕಾಯ್ದೆಯ ಹೆಸರಿನಲ್ಲಿ ವರ್ಷಗಟ್ಟಲೆ ಅಲೆಸಿದ್ದಾರೆ. 2023ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಗದ್ದಲವೂ ಕೋರ್ಟಿನಲ್ಲಿ ಪರಿಸರ ಸಮಸ್ಯೆ ಎನಿಸಿಕೊಂಡಿತು. ಆದರೆ ಕಾಯ್ದೆ ಸಡಿಲವಾಗಿದ್ದರೆ ಬಿಗಿಮಾಡಬೇಕಾದದ್ದು ಶಾಸನಸಭೆ. ತಾನು ಮಾಡಿದ ನಿಯಮಕ್ಕೆ ತಾನೇ ವಿನಾಯಿತಿ ಬರೆದುಕೊಳ್ಳುವ ಅಧಿಕಾರ ನಗರಾಡಳಿತಕ್ಕಿಲ್ಲ.

ಸಂಘದ ಅಸಲಿ ಸಂಕಟ ಹೊಗೆಯದ್ದಲ್ಲ, ಮಳಿಗೆಯದ್ದು ಎಂದೇ ಇಟ್ಟುಕೊಳ್ಳೋಣ. ಅವರಿಗೆ ಬೇರೆ ದಾರಿ ಎಲ್ಲಿತ್ತು? 1996ರಲ್ಲಿ ಮತದಾರರೇ ವೈದ್ಯಕೀಯ ಗಾಂಜಾಗೆ ಒಪ್ಪಿಗೆ ಕೊಟ್ಟಿದ್ದರು. ಆದರೂ ಸ್ಥಳೀಯ ಆಡಳಿತಗಳು ಮಳಿಗೆಗಳನ್ನು ಪೂರ್ತಿ ನಿಷೇಧಿಸಬಹುದೆಂದು 2013ರ ರಿವರ್‌ಸೈಡ್ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟ್ ಹೇಳಿತು. ಹಕ್ಕಿನ ನೇರ ದಾರಿ ಮುಚ್ಚಿದ ಮೇಲೆ ಉಳಿದದ್ದು ಕಾರ್ಯವಿಧಾನದ ದಾರಿ. 2016ರ ಜನಮತ ಮನರಂಜನೆಯ ಬಳಕೆಯನ್ನೂ ಕಾನೂನುಬದ್ಧಗೊಳಿಸಿತು. ಮಳಿಗೆ ಬೇಡವೆನ್ನುವ ಅಧಿಕಾರ ಆಗಲೂ ಊರುಗಳ ಕೈಯಲ್ಲೇ ಉಳಿಯಿತು.

ಆ ಅಧಿಕಾರವನ್ನು ಬಳಸುವವರು ಬಹಿರಂಗವಾಗಿ ಬಳಸಲಿ. ಬೇಡವೆನ್ನುವ ಊರು ಬೇಡವೆಂದೇ ನಿರ್ಣಯ ಮಾಡಲಿ, ಮುಂದಿನ ಚುನಾವಣೆಯಲ್ಲಿ ಅದಕ್ಕೆ ಉತ್ತರ ಕೊಡಲಿ. ಬೇಕೆನ್ನುವ ಊರು ಪರಿಶೀಲನೆ ಮುಗಿಸಿ ಜಾಗ ತೋರಿಸಲಿ. ಅನುಮತಿ ಕೊಟ್ಟೆವೆಂಬ ಹೆಸರನ್ನೂ ಗಳಿಸಿ, ಅಡಿಗೋಲು ಹಿಡಿದು ಜಾಗವನ್ನೂ ಕಸಿದುಕೊಳ್ಳುವವರ ಮೇಲೆ ದಾವೆ ಹೂಡುವುದು ನ್ಯಾಯವೇ.