ಸ್ವರಲಿಪಿಯ ಪುಟ

ಬೀದರ ನಗರಕ್ಕೆ ಸಮೀಪದ ಕಮಠಾಣದಲ್ಲಾಗಲಿ, ಭಾಲ್ಕಿ, ಔರಾದಗಳ ಹಳ್ಳಿಗಳಲ್ಲಾಗಲಿ, ಶಾಲೆಯ ದಿನ ಆರಂಭವಾಗುವುದು ಹಾಡಿನಿಂದ. ನಾಡಗೀತೆಯನ್ನೂ ರಾಷ್ಟ್ರಗೀತೆಯನ್ನೂ ನಮ್ಮಲ್ಲಿ ಬಹುಮಂದಿ ಸ್ವರ ನೋಡಿ ಕಲಿತವರಲ್ಲ. ಹಿರಿಯ ತರಗತಿಯವರ ಬಾಯಿಂದ ಕಿರಿಯರ ಕಿವಿಗೆ ಅವು ಇಳಿದುಬಂದಿವೆ. ಎಲ್ಲರೂ ಒಂದೇ ಧಾಟಿಯನ್ನು ಹಾಡುವಾಗ ಕಿವಿಯೊಂದೇ ಸಾಕು. ಆದರೆ ಅದೇ ಹಾಡನ್ನು ಅರುವತ್ತು ಮಂದಿ, ಹತ್ತಾರು ಬಗೆಯ ವಾದ್ಯಗಳಲ್ಲಿ, ಬೇರೆ ಬೇರೆ ಸ್ವರಗಳನ್ನು ಹಿಡಿದು, ಏಕಕಾಲದಲ್ಲಿ ನುಡಿಸಬೇಕಾದರೆ? ಆಗ ಕಿವಿಯ ನೆರವಿಗೆ ಕಣ್ಣು ಬರಬೇಕು; ನಾದಕ್ಕೆ ಲಿಪಿ ಬೇಕು; ಲಿಪಿಗೆ ಒಳ್ಳೆಯ ಪುಟ ಬೇಕು.

ಈ ಮಾತು ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದಲ್ಲಿಯೇ ಅನುಭವಕ್ಕೆ ಬಂದಿತು. 1947ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸೇರಿದ್ದಾಗ, ವಾದ್ಯವೃಂದದವರು ನುಡಿಸುವುದಕ್ಕಾಗಿ ಭಾರತದ ರಾಷ್ಟ್ರಗೀತೆಯನ್ನು ಕೊಡಬೇಕೆಂದು ನಮ್ಮ ನಿಯೋಗವನ್ನು ಕೇಳಲಾಯಿತು. ರಾಷ್ಟ್ರಗೀತೆ ಆಗಿನ್ನೂ ನಿಶ್ಚಯವಾಗಿರಲಿಲ್ಲ. ನಿಯೋಗದ ಬಳಿ ಇದ್ದುದು ‘ಜನಗಣಮನ’ದ ಒಂದು ಧ್ವನಿಮುದ್ರಿಕೆ. ವಾದ್ಯವೃಂದದವರು ಅದರಿಂದಲೇ ಅವಸರದಲ್ಲಿ ಅಭ್ಯಾಸ ಮಾಡಿ ನುಡಿಸಿದರು. ನೆರೆದ ಸಭೆ ಮೆಚ್ಚಿತು. ಅನೇಕ ರಾಷ್ಟ್ರಗಳ ಪ್ರತಿನಿಧಿಗಳು ಅದರ ಸ್ವರಲಿಪಿ ಬೇಕೆಂದರು. ಜವಾಹರಲಾಲ್ ನೆಹರೂ ಅವರು 1948ರ ಆಗಸ್ಟ್ 25ರಂದು ಸಂವಿಧಾನ ಸಭೆಗೆ ಈ ಸಂಗತಿಯನ್ನು ತಿಳಿಸಿದರು. ಧ್ವನಿಮುದ್ರಿಕೆ ಹಾಡನ್ನು ಕೇಳಿಸಬಲ್ಲದು. ಆದರೆ ಕೊಳಲಿನವರು ಏನನ್ನು ನುಡಿಸಬೇಕು, ಪಿಟೀಲಿನವರು ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅದು ಬಿಡಿಸಿ ಹೇಳಲಾರದು. ಅದನ್ನು ಹೇಳುವುದು ಬರೆದ ಪುಟ.

ವಾದ್ಯವೃಂದದ ಬರಹಕ್ಕೆ ಎರಡು ರೂಪಗಳುಂಟು. ನಿರ್ದೇಶಕರ ಮುಂದಿರುವುದು ಸಮಗ್ರ ಪ್ರತಿ. ಅದರಲ್ಲಿ ಐದೈದು ಗೆರೆಗಳ ಸಾಲುಗಳು ಒಂದರ ಕೆಳಗೊಂದು ನಿಂತಿರುತ್ತವೆ: ಮೇಲೆ ಕೊಳಲು, ಕ್ಲಾರಿನೆಟ್ ಮೊದಲಾದವು, ಅವುಗಳ ಕೆಳಗೆ ಟ್ರಂಪೆಟ್ಟಿನಂಥ ಹಿತ್ತಾಳೆಯ ವಾದ್ಯಗಳು, ಬಳಿಕ ಬಡಿದು ನುಡಿಸುವ ವಾದ್ಯಗಳು, ಕೊನೆಗೆ ಪಿಟೀಲಿನ ಪರಿವಾರ. ಮೇಲಿನಿಂದ ಕೆಳಕ್ಕೆ ಓದಿದರೆ ಒಂದೇ ಕ್ಷಣದಲ್ಲಿ ಯಾರು ಯಾರು ನುಡಿಸುತ್ತಿದ್ದಾರೆಂದು ತಿಳಿಯುತ್ತದೆ; ಎಡದಿಂದ ಬಲಕ್ಕೆ ಓದಿದರೆ ಕಾಲದ ನಡಿಗೆ ತಿಳಿಯುತ್ತದೆ. ವಾದಕರ ಮುಂದಿರುವುದು ಬಿಡಿ ಪ್ರತಿ. ಅದರಲ್ಲಿ ಅವರವರ ವಾದ್ಯದ ಸಾಲು ಮಾತ್ರ ಇರುತ್ತದೆ.

ಹಿಂದೆ ಇವುಗಳನ್ನು ಲಿಪಿಕಾರರು ಕೈಯಿಂದ ನಕಲು ಮಾಡುತ್ತಿದ್ದರು; ಇಲ್ಲವೆ ಲೋಹದ ತಗಡಿನಲ್ಲಿ ಕೊರೆದು ಅಚ್ಚು ಹಾಕುತ್ತಿದ್ದರು. ಇಂದು ಆ ಕೆಲಸವನ್ನು ಗಣಕಯಂತ್ರ ವಹಿಸಿಕೊಂಡಿದೆ. ಸಿಬೇಲಿಯಸ್, ಡೊರಿಕೊ, ಮ್ಯೂಸ್‌ಸ್ಕೋರ್ ಎಂಬ ತಂತ್ರಾಂಶಗಳು ಇದಕ್ಕೆಂದೇ ಹುಟ್ಟಿದವು. ಸಮಗ್ರ ಪ್ರತಿಯನ್ನು ಒಮ್ಮೆ ಬರೆದರೆ ಬಿಡಿ ಪ್ರತಿಗಳನ್ನು ಅವು ಬೇರ್ಪಡಿಸಿ ಕೊಡುತ್ತವೆ. ಸಾಮಾನ್ಯವಾಗಿ ಬಳಸುವ ಕ್ಲಾರಿನೆಟ್ಟಿನಲ್ಲಿ ಬರೆದ ಸ್ವರಕ್ಕಿಂತ ಕೆಳಗಿನ ನಾದ ಹೊರಡುತ್ತದೆ. ಆ ವ್ಯತ್ಯಾಸವನ್ನೂ ಅವು ಲೆಕ್ಕಹಾಕಿ ಸರಿಪಡಿಸುತ್ತವೆ. ಇದು ಅಲ್ಪ ಉಪಕಾರವಲ್ಲ.

ಆದರೂ ಯಂತ್ರವು ಪುಟವನ್ನು ತುಂಬಬಲ್ಲದೇ ಹೊರತು, ಆ ಪುಟದ ಮುಂದೆ ಕುಳಿತವರ ಕಷ್ಟವನ್ನು ಪೂರ್ಣವಾಗಿ ಅರಿಯದು. ಕೊಳಲಿನವರ ಎರಡು ಕೈಗಳೂ ಕೊಳಲಿನ ಮೇಲಿರುತ್ತವೆ. ಬಲಗಡೆಯ ಪುಟ ಮುಗಿಯುವಲ್ಲಿ ಬಿಡುವಿಲ್ಲದೆ ಸ್ವರಗಳು ಹರಿಯುತ್ತಿದ್ದರೆ ಹಾಳೆಯನ್ನು ಮಗುಚುವುದು ಯಾವ ಕೈಯಿಂದ? ಎರಡು ಸಾಲುಗಳ ಹಿಂದೆ ವಿರಾಮವೊಂದಿದ್ದರೆ ಅಲ್ಲಿಗೇ ಪುಟವನ್ನು ಮುಗಿಸಿ, ಉಳಿದ ಜಾಗವನ್ನು ಖಾಲಿ ಬಿಡುವುದು ಜಾಣತನ. ಸ್ವರಗಳು ದೂರದಿಂದ ಕಾಣುವಷ್ಟು ದೊಡ್ಡದಾಗಿರಬೇಕು. ಹಿಂಬದಿಯ ಅಚ್ಚು ಮುಂದಕ್ಕೆ ತೋರದಷ್ಟು ಕಾಗದ ದಪ್ಪನಾಗಿರಬೇಕು. ‘ಇಲ್ಲಿಂದ ಮತ್ತೊಮ್ಮೆ’ ಎಂದು ನಿರ್ದೇಶಕರು ಹೇಳಿದಾಗ ಎಲ್ಲರ ಕಣ್ಣೂ ಒಂದೇ ಕಡೆಗೆ ಹೋಗುವಂತೆ, ಎಲ್ಲ ಪ್ರತಿಗಳಲ್ಲಿಯೂ ಒಂದೇ ಗುರುತು ಇರಬೇಕು.

ಪುಟದಲ್ಲಿ ಜಾಗ ಖಾಲಿ ಬಿಟ್ಟರೆ ಕಾಗದ ವ್ಯರ್ಥವಲ್ಲವೇ ಎಂದು ಯಾರಾದರೂ ಕೇಳಬಹುದು. ನಮ್ಮ ಬಿದರಿಯ ಹೂಜಿಯನ್ನು ನೋಡಿದವರು ಹಾಗೆ ಕೇಳಲಾರರು. ಅದರ ಮೈಯ ಕಪ್ಪು ಇರುವುದರಿಂದಲೇ ಬೆಳ್ಳಿಯ ಬಳ್ಳಿ ಹೊಳೆಯುತ್ತದೆ. ಹಾಗೆಯೇ ಪುಟದ ಬಿಳುಪು ಇರುವುದರಿಂದಲೇ ಸ್ವರ ಕಣ್ಣಿಗೆ ನಿಲ್ಲುತ್ತದೆ. ಅಂದವಾದ ಮುದ್ರಣವೆಂಬುದು ಅಲಂಕಾರವಲ್ಲ. ನುಡಿಸುವವರಿಗೆ ಬರೆಯುವವರು ತೋರಿಸುವ ಮರ್ಯಾದೆ. ಹಾಡನ್ನು ಬರೆದಿಟ್ಟರೆ ಸಾಲದು, ಇನ್ನೊಬ್ಬರಿಗೆ ಒದಗುವಂತೆ ಬರೆದಿಡಬೇಕೆಂಬುದೇ ನನ್ನ ಅಭಿಪ್ರಾಯ.

ಇದಕ್ಕೊಂದು ಆಕ್ಷೇಪವುಂಟು. ನಮ್ಮ ಸಂಗೀತ ಗುರುಮುಖದಿಂದ ಬರುವ ವಿದ್ಯೆ. ಅದರ ಗಮಕವನ್ನು ಯಾವ ಲಿಪಿಯೂ ಹಿಡಿಯಲಾರದು ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದನ್ನು ಬಲ್ಲ ವಿದ್ವಾಂಸರೇ ಬರೆಯದೆ ಬಿಡಲಿಲ್ಲ. ಸುಬ್ಬರಾಮ ದೀಕ್ಷಿತರು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಪ್ರಕಟಿಸಿದಾಗ, ಕೃತಿಗಳ ಸ್ವರಗಳೊಡನೆ ಗಮಕಗಳಿಗೂ ಗುರುತುಗಳನ್ನು ಕೊಟ್ಟರು. ಹಿಂದೂಸ್ಥಾನಿ ಸಂಗೀತಕ್ಕೆ ಭಾತಖಂಡೆಯವರು ತಮ್ಮದೇ ಲಿಪಿಯನ್ನು ರೂಪಿಸಿ, ಘರಾಣೆಗಳ ಗಾಯಕರಿಂದ ಚೀಜುಗಳನ್ನು ಸಂಗ್ರಹಿಸಿ ಅಚ್ಚುಮಾಡಿಸಿದರು. ಲಿಪಿ ಗುರುವಿನ ಸ್ಥಾನದಲ್ಲಿ ಕೂರುವುದಿಲ್ಲ. ಗುರು ಇಲ್ಲವಾದ ದಿನ ವಿದ್ಯೆಯೂ ಇಲ್ಲವಾಗದಂತೆ ಕಾಯುತ್ತದೆ.

ನಮ್ಮ ನಾಡಗೀತೆಯನ್ನೇ ನೋಡಿರಿ. ಕುವೆಂಪು ಅವರ ಕವಿತೆಯನ್ನು 2004ರಲ್ಲಿ ಸರ್ಕಾರ ನಾಡಗೀತೆಯೆಂದು ಅಂಗೀಕರಿಸಿತು. ಪದಗಳು ಅಚ್ಚಾಗಿದ್ದವು, ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ಮಾತ್ರ ಬಹುಕಾಲ ನಡೆಯಿತು. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರ್ಕಾರ ಆದೇಶಿಸಿದುದು 2022ರಲ್ಲಿ. ಪದದಷ್ಟೇ ಸ್ವರವೂ ಹಾಡಿನ ಅಂಗವೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ನಾಡಗೀತೆಗೆ ಕಾವಲುಗಾರರು ಕೋಟಿ ಮಂದಿ. ನಮ್ಮ ಊರುಗಳ ಭಜನೆ, ತತ್ತ್ವಪದ, ಮೊಹರಂ ಪದ, ಬುಲಾಯಿ ಪದಗಳಿಗೆ ಯಾರಿದ್ದಾರೆ? ಇಂಥ ಹಾಡುಗಳ ಮಾತುಗಳನ್ನು ಸಂಗ್ರಹಿಸಿದ ಪುಸ್ತಕಗಳುಂಟು. ಧಾಟಿಯೋ, ಹಾಡುವ ಅಜ್ಜಿಯ ಕೊರಳಿನಲ್ಲಿದೆ. ಆ ಕೊರಳು ಮೌನವಾದರೆ ಪುಸ್ತಕದಲ್ಲಿ ಉಳಿಯುವುದು ಹಕ್ಕಿಯಿಲ್ಲದ ಗೂಡು. ಅಜ್ಜಿಯ ಹಾಡನ್ನು ಧ್ವನಿಮುದ್ರಿಸಿಕೊಳ್ಳುವುದು ಮೊದಲ ಕೆಲಸ. ಹಾರ್ಮೋನಿಯಂ ಬಲ್ಲವರ ನೆರವಿನಿಂದ ಅದರ ಸ್ವರಗಳನ್ನು ಬರೆಯುವುದು ಎರಡನೆಯದು. ಬರೆದುದನ್ನು ಎಲ್ಲರೂ ಓದುವಂತೆ ಅಚ್ಚುಕಟ್ಟಾಗಿ ಮುದ್ರಿಸುವುದು ಮೂರನೆಯದು. ಮ್ಯೂಸ್‌ಸ್ಕೋರಿನಂಥ ತಂತ್ರಾಂಶ ಉಚಿತವಾಗಿ ದೊರೆಯುವುದರಿಂದ ಹಣವಿಲ್ಲವೆಂಬ ನೆಪಕ್ಕೂ ಎಡೆಯಿಲ್ಲ. ಆದರೆ ಯಂತ್ರವನ್ನೇ ನಂಬಿ ಕೂರಲಾಗದು. ದಶಕಗಳ ಕಾಲ ಹೆಸರುವಾಸಿಯಾಗಿದ್ದ ಫಿನಾಲೆ ಎಂಬ ತಂತ್ರಾಂಶವನ್ನು ಮುಂದುವರಿಸುವುದಿಲ್ಲವೆಂದು ಅದರ ತಯಾರಕರು 2024ರಲ್ಲಿ ಸಾರಿದರು. ಆದುದರಿಂದ ಒಂದು ಪ್ರತಿ ಕಾಗದದ ಮೇಲೆಯೂ ಇರಲಿ.

ಮುಂದೊಂದು ದಿನ ಕಮಠಾಣದ ಹಾಡೊಂದನ್ನು ದೂರದ ವಾದ್ಯವೃಂದವು ನುಡಿಸಬಯಸಿ ಅದರ ಸ್ವರಲಿಪಿ ಎಲ್ಲಿ ಎಂದು ಕೇಳಬಹುದು. 1947ರಲ್ಲಿ ನಮ್ಮವರ ಬಳಿ ಒಂದು ಧ್ವನಿಮುದ್ರಿಕೆಯಾದರೂ ಇತ್ತು. ನಾವು ಬರಿಗೈಯನ್ನು ತೋರಿಸುವಂತಾಗಬಾರದು.