ಶಬ್ದವಿಚಾರ: ಧಾರ್ಷ್ಟ್ಯ

ಮಕ್ಕಳು ಹಿರಿಯರಿಗೆ ಎದುರುತ್ತರ ಕೊಟ್ಟರೆ ಮನೆಮಾತಿನಲ್ಲಿ ‘ಅಧಿಕಪ್ರಸಂಗ’ವೆನ್ನುತ್ತೇವೆ, ಗ್ರಂಥಭಾಷೆಯಲ್ಲಿ ‘ಧಾರ್ಷ್ಟ್ಯ’ವೆನ್ನುತ್ತೇವೆ. ಇದು ‘ಧೃಷ್ಟ’ ಶಬ್ದದಿಂದ ಹುಟ್ಟಿದ ಭಾವನಾಮ. ಆದಕಾರಣ ಮೊದಲಕ್ಷರವು ಮಹಾಪ್ರಾಣ. ‘ದಾರ್ಷ್ಟ್ಯ’ವೆಂದು ಬರೆಯುವುದು ತಪ್ಪು.

ಧೃಷ್ ಧಾತುವಿಗೆ ಎದೆಗಾರಿಕೆಯೆಂದೇ ಮೂಲಾರ್ಥ. ದ್ರುಪದಪುತ್ರನಾದ ಧೃಷ್ಟದ್ಯುಮ್ನನ ಹೆಸರಿನಲ್ಲಿ ಅದು ಹೊಗಳಿಕೆಯೇ ಆಗಿದೆ. ಆದರೆ ಪಾಣಿನಿಯು ‘ಧೃಷ್ಟ’ವೆಂಬ ರೂಪವನ್ನು ನಾಚಿಕೆಯಿಲ್ಲದ ನಡತೆಗೆ ವಿಧಿಸಿದನು, ಬೇರೆ ಅರ್ಥದಲ್ಲಿ ‘ಧರ್ಷಿತ’ವೆಂದಾಗುವುದು. ಅಮರಸಿಂಹನಾದರೋ ಧೃಷ್ಟನ ಪಕ್ಕದಲ್ಲಿಯೇ ಪ್ರಗಲ್ಭನನ್ನು ನಿಲ್ಲಿಸಿ, ಇವನು ಪ್ರತಿಭೆಯುಳ್ಳವನೆಂದು ಬೇರ್ಪಡಿಸುತ್ತಾನೆ; ಧೃಷ್ಟನಲ್ಲದವನನ್ನು ‘ಶಾಲೀನ’ನೆನ್ನುತ್ತಾನೆ.

ಈ ಭೇದವನ್ನು ಪಾಠ ಹೇಳುತ್ತಿದ್ದ ನಾನೇ ಒಮ್ಮೆ ಅದನ್ನು ಮರೆತೆನು. ಕರಿಹಲಗೆಯ ಮೇಲೆ ನಾನು ಬರೆದ ವಿಭಕ್ತಿರೂಪವು ತಪ್ಪೆಂದು ಹುಡುಗನೊಬ್ಬನು ಎದ್ದುನಿಂತು ಹೇಳಿದನು. “ಎಷ್ಟು ಧಾರ್ಷ್ಟ್ಯವೋ ನಿನಗೆ!” ಎಂದು ಗದರಿಸಿ ಕುಳ್ಳಿರಿಸಿದೆನು. ಮನೆಗೆ ಬಂದು ಪುಸ್ತಕವನ್ನು ನೋಡಲಾಗಿ ತಪ್ಪು ನನ್ನದೇ. ಮರುದಿನ ತರಗತಿಯೆದುರಿಗೆ ಒಪ್ಪಿಕೊಂಡು ತಿದ್ದಿದೆನು. ಆದರೂ ಆ ಹುಡುಗನು ಆ ವರ್ಷವೆಲ್ಲ ನನ್ನನ್ನು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮಗುವು ಎದುರು ನುಡಿದಾಗ, ಹೇಳಿದ್ದು ನಿಜವೇ ಎಂಬುದನ್ನು ಮೊದಲು ನೋಡಿರಿ. ತಿಳಿದು ಅಂಜದೆ ಆಡಿದ ಮಾತು ಪ್ರಾಗಲ್ಭ್ಯ. ತಪ್ಪೆಂದು ತಿಳಿದಮೇಲೂ ನಾಚದೆ ಹಟ ಹಿಡಿಯುವುದು ಧಾರ್ಷ್ಟ್ಯ. ಈ ಎರಡನೆಯದು ಮಕ್ಕಳಲ್ಲಿ ಮಾತ್ರ ಇರತಕ್ಕದ್ದಲ್ಲ.